ಬನ್ನಿ ಅಂದರು

ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಅವನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೇ ಇದ್ದ. ಶೂ ಹೊಸದು, ಮುಂಭಾಗದಲ್ಲಿ ಕಬ್ಬಿಣದ ತಗಡು ಕೂರಿಸಿದ್ದು, ಟ್ರೈನಿಂಗ್ ಸೆಂಟರಿನವರು ಕೊಟ್ಟದ್ದು. ಕಾಲ ಮೇಲೆ ಏನು ಬಿದ್ದರೂ ಬೆರಳಿಗೆ ಏನೂ ಆಗುವುದಿಲ್ಲ ಎಂದು ಮೇಷ್ಟರು ಸುತ್ತಿಗೆಯಿಂದ ಬಡಿದು ತೋರಿಸಿದ್ದರು. ತಲೆಯ ಮೇಲೆ ಬೀಳುವ ಮಾತುಗಳಿಗೆ ಅಂಥದ್ದೇನೂ ಕೊಟ್ಟಿರಲಿಲ್ಲ. ನಿನ್ನೆ ಮಧ್ಯಾಹ್ನ ಅವನ ತಲೆಯ ಮೇಲೆ ಬಿದ್ದ ಮಾತು ಒಂದೇ, ಅದೂ ಎರಡೇ ಅಕ್ಷರದ್ದು. ಬನ್ನಿ. ಲಿಫ್ಟ್ ಕಂಪನಿಯ ಮ್ಯಾನೇಜರ್ರು ಇಂಟರ್‌ವ್ಯೂ ಮುಗಿಸಿ ಬನ್ನಿ ಅಂದರು. ಈಗ ಪ್ರಶ್ನೆ ಏನೆಂದರೆ, ಅದು ಯಾವ ಬನ್ನಿ? ಕೆಲಸಕ್ಕೆ ಬನ್ನಿ ಅನ್ನುವ ಬನ್ನಿಯೋ, ಸರಿ ಇನ್ನು ಹೊರಡಿ ಮಹಾರಾಯರೇ ಅನ್ನುವ ಬನ್ನಿಯೋ? ಶೂಲೇಸು ಎಳೆದು ಕಟ್ಟಿದರೆ ಹೊರಡಬೇಕಾಗುತ್ತದೆ, ಹೊರಟರೆ ಉತ್ತರ ಗೊತ್ತಾಗಿಬಿಡುತ್ತದೆ ಎಂಬ ಭಯಕ್ಕೆ ಅವನು ಎರಡನೇ ಶೂವಿನ ಒಳಗೆ ಕಲ್ಲಿದೆಯೇನೋ ಎಂದು ಬಗ್ಗಿಸಿ ನೋಡಿದ. ಕಲ್ಲಿರಲಿಲ್ಲ. ಮಗಳ ಒಂದು ಕಾಲುಚೀಲ ಇತ್ತು.

ತಪ್ಪು ಅವನದೇ, ಮೊದಲು ಬಾಯಿಬಿಟ್ಟವನು ಅವನು. ಎದ್ದು ನಿಂತು, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ, ಬೇಕಾದಷ್ಟೇ ಹಲ್ಲು ಕಾಣಿಸಿ, ಬರ್ತೀನಿ ಸರ್ ಅಂದ. ಎಲ್ಲವೂ ನಗುವಿನ ಮೇಡಂ ಕಲಿಸಿದ ಹಾಗೆಯೇ. ಸೆಂಟರಿನಲ್ಲಿ ಬೆಳಿಗ್ಗೆ ಲಿಫ್ಟಿನ ಮೋಟಾರು, ಬ್ರೇಕು, ಬಾಗಿಲು ಕಲಿಸುವವರು ಮೇಷ್ಟರು. ಊಟವಾದ ಮೇಲಿನ ಮಂಪರಿನಲ್ಲಿ ಇಂಟರ್‌ವ್ಯೂ ಎದುರಿಸುವುದು ಹೇಗೆಂದು ಕಲಿಸುವವರು ಈ ಮೇಡಂ. ಅವರ ಪ್ರಕಾರ ನಗು ಅಂದರೆ ಮನೆಯ ಬಾಗಿಲಿದ್ದ ಹಾಗೆ, ಪೂರ್ತಿ ತೆಗೆದರೆ ಕಳ್ಳರು ನುಗ್ಗುತ್ತಾರೆ, ಪೂರ್ತಿ ಮುಚ್ಚಿದರೆ ನೆಂಟರೂ ಬರುವುದಿಲ್ಲ. ಹೊರಡುವಾಗ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಡಿ, ಬಾಯಿ ತುಂಬ ಬರ್ತೀನಿ ಅಂತ ಹೇಳಿ ನೆಟ್ಟಗೆ ಹೋಗಿ ಎಂದು ಅವರು ನಡೆದೂ ತೋರಿಸಿದ್ದರು. ಈಗ ಯೋಚಿಸಿದರೆ, ಎದುರಿಗಿದ್ದವನು ಬರ್ತೀನಿ ಅಂದಾಗ ಮರ್ಯಾದಸ್ಥ ಮನುಷ್ಯ ಬೇರೆ ಏನು ಹೇಳಬೇಕು? ಮನೆಗೆ ಬಂದು ಮೂರು ಹೊತ್ತು ತಲೆ ತಿಂದು ಹೊರಟ ದೂರದ ಸಂಬಂಧಿಗೂ ಬಾಗಿಲಲ್ಲಿ ನಿಂತು ಬನ್ನಿ ಅನ್ನುತ್ತೇವೆ, ಎಲ್ಲಿ ನಿಜವಾಗಿ ಬಂದುಬಿಡುತ್ತಾನೋ ಎಂದು ಒಳಗೊಳಗೇ ನಡುಗುತ್ತ. ಆದರೆ ಮ್ಯಾನೇಜರ್ರು ಬನ್ನಿಗೆ ನಿಲ್ಲಿಸಲಿಲ್ಲ. ಬನ್ನಿ, ಎಂಟಕ್ಕೆ, ಅಂದರು. ಹಾಗನ್ನುವಾಗ ಅವರ ಕಿವಿಯಲ್ಲಿ ಫೋನಿತ್ತು. ಬನ್ನಿ ಅಂದಾಗ ಕಣ್ಣು ಅವನ ಮೇಲಿತ್ತು, ಎಂಟಕ್ಕೆ ಅನ್ನುವಷ್ಟರಲ್ಲಿ ಕಿಟಕಿಗೆ ಹೋಗಿತ್ತು. ಹಾಗಾದರೆ ಬನ್ನಿ ಅವನದು, ಎಂಟಕ್ಕೆ ಫೋನಿನದು ಇರಬಹುದು. ಎರಡೂ ಅವನದೇ ಇರಬಹುದು. ಎರಡೂ ಫೋನಿನದೇ ಆಗಿದ್ದು, ಅವನ ಪಾಲಿಗೆ ಬಂದದ್ದು ಬರೀ ಆ ನೋಟ ಮಾತ್ರವೂ ಇರಬಹುದು.

ಹೆಂಡತಿ ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ಏನಾಯ್ತೋ ಅಂದಳು, ಬನ್ನಿ ಅಂದ್ರು ಅಂದ. ಅಷ್ಟೇ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಬೆಳಗಾಗುವ ಮೊದಲೇ ಮನೆ ಬಿಟ್ಟು ಹೋಗಿ ದಿನವಿಡೀ ಜನರ ತೋಳು ಕಟ್ಟಿ, ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ ಎನ್ನುತ್ತ ಸೂಜಿ ಚುಚ್ಚುವವಳು. ಇಂಟರ್‌ವ್ಯೂಗೆ ಹೊರಟಾಗ ಅವನಿಗೂ ಅದನ್ನೇ ಹೇಳಿದ್ದಳು, ಇರುವೆ ಕಚ್ಚಿದ ಹಾಗೆ ಅಷ್ಟೇ. ಬನ್ನಿ ಅಂದ್ರು ಎಂದು ಅವನು ಹೇಳಿದ್ದೇ ತಡ, ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡು ಒಂದು ಗಳಿಗೆ ಸುಮ್ಮನೆ ನೋಡಿದಳು. ಅವಳ ಬೆರಳಿಗೆ ಸ್ಪಿರಿಟ್ಟಿನ ವಾಸನೆ. ಅವನು ನಡೆಸುತ್ತಿದ್ದ ಫೋಟೋ ಅಂಗಡಿ ಮುಚ್ಚಿದಂದಿನಿಂದ ಆ ಮುಖವನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಯಾವ ಬನ್ನಿ ಅಂತ ಸರಿಯಾಗಿ ಗೊತ್ತಾಗಲಿಲ್ಲ ಕಣೆ ಎನ್ನಲು ಅವನು ಬಾಯಿ ತೆರೆದ. ಕೆನ್ನೆ ಅವಳ ಅಂಗೈಗಳ ನಡುವೆ ಅಮುಕಿ ಹೋಗಿದ್ದರಿಂದ ಮಾತು ಮೀನಿನ ಗುಟುಕಿನ ಹಾಗೆ ಹೊರಬಂತು, ಅವಳು ನಕ್ಕುಬಿಟ್ಟಳು. ಅವನು ಮತ್ತೆ ಹೇಳಲು ಹೊರಡುವಷ್ಟರಲ್ಲಿ ಅವಳ ಅಮ್ಮನಿಗೆ ಫೋನ್ ಹೋಗಿತ್ತು. ಅತ್ತೆಗೆ ಅವನು ಲಿಫ್ಟಿನ ಕೆಲಸ ಕಲಿಯುವುದು ಮೊದಲಿಂದಲೂ ತಮಾಷೆಯ ವಿಷಯ. ಅಳಿಯಂದ್ರು ಮೇಲೆ ಹೋಗೋ ಕೆಲಸ ಕಲೀತಿದಾರಂತೆ, ಹೋಗೋದು ಸರಿ, ವಾಪಸ್ ಬರೋದೂ ಕಲಿಸ್ತಾರಾ ಎಂದು ಕಂಡಕಂಡವರ ಎದುರು ಹೇಳಿಕೊಂಡು ಓಡಾಡಿದ್ದವರು ನಿನ್ನೆ ಫೋನಿನಲ್ಲಿ, ಅಂತೂ ಮೇಲೆ ಬಂದ್ರಪ್ಪ ಅಂದರು. ಆ ಮಾತಿಗೆ ಅವನು ನಗುವಿನ ಮೇಡಂ ಹೇಳಿದಷ್ಟೇ ಹಲ್ಲು ಕಾಣಿಸಿದ. ಫೋನಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಬನ್ನಿ ಅಂದರೆ ಹೋಗಿ ಎಂದೇ ಆಗಿದ್ದರೆ ಹೋಗುವುದು ಕೆಲಸವೊಂದೇ ಅಲ್ಲ, ಮಗಳ ಜಾಗವೂ ಹೋಗುತ್ತದೆ. ಸೆಂಟರಿನ ಕೆಳಮಹಡಿಯಲ್ಲಿ ಮಕ್ಕಳ ಕೋಣೆ ಇದೆ; ಕಲಿಯುವವರ ಮಕ್ಕಳನ್ನು ಆಯಾ ಅಲ್ಲಿ ನೋಡಿಕೊಳ್ಳುತ್ತಾಳೆ. ಕಲಿಕೆ ಮುಗಿದು ಕೆಲಸ ಸಿಕ್ಕಿದವರ ಮಕ್ಕಳು ಇನ್ನೂ ಆರು ತಿಂಗಳು ಇರಬಹುದು. ಕೆಲಸ ಸಿಗದವರ ಮಕ್ಕಳು ಹೊಸ ಬ್ಯಾಚಿನವರಿಗೆ ಜಾಗ ಬಿಡಬೇಕು. ಅವನ ಬ್ಯಾಚು ಹೋದ ವಾರ ಮುಗಿದಿತ್ತು, ಹೊಸ ಬ್ಯಾಚು ನಾಳೆ ಬರುತ್ತದೆ. ಮಗು ಬಿಡುವುದಕ್ಕೆ ಜಾಗವಿಲ್ಲದೆ ಕೆಲಸ ಹುಡುಕುವ ಹಾಗಿಲ್ಲ, ಕೆಲಸವಿಲ್ಲದೆ ಮಗು ಬಿಡುವುದಕ್ಕೆ ಜಾಗವಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದು ಗಾದೆ ಮಾಡಿದವರು ಯಾರೋ ಇಂಥದೇ ಬಾಗಿಲ ಹತ್ತಿರ ಒಂದು ಕಾಲಿಗೆ ಶೂ ಹಾಕಿಕೊಂಡು ಕೂತಿದ್ದಿರಬೇಕು. ಮಗಳು ಬಂದು ಅವನ ಕೈಯಿಂದ ತನ್ನ ಕಾಲುಚೀಲ ಕಿತ್ತುಕೊಂಡಳು. ಅವಳನ್ನು ಮನೆಯಲ್ಲಿ ಪಿಟೀಲು ಅಂತ ಕರೆಯುವುದು, ಅಳು ಶುರುಮಾಡಿದರೆ ಯಾರೋ ಒಳಕೋಣೆಯಲ್ಲಿ ಕೂತು ತಂತಿ ಬಿಗಿ ಮಾಡುತ್ತಿರುವ ಹಾಗೆ ಕೇಳುತ್ತದೆ, ಅದಕ್ಕೆ. ಏಳು ಅಂದಳು ಪಿಟೀಲು. ಅವನು ಎದ್ದ.

ದಾರಿಯಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುವಾಗ ಅವನು ಆಯಾ ಹೇಳಿಕೊಟ್ಟ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದ. ಹೋಗ್ತೀನಿ. ಇವತ್ತಾದರೂ ಹೇಳಬೇಕು. ಆಯಾ ಖಡಾಖಂಡಿತವಾಗಿ ಹೇಳಿದ್ದಳು. ಸೇರಿಸಿದ ಮೊದಲ ದಿನಗಳಲ್ಲಿ ಪಿಟೀಲು ಆಟಕ್ಕೆ ಬರುವುದಿಲ್ಲ, ಊಟಕ್ಕೆ ಬರುವುದಿಲ್ಲ, ಇಡೀ ದಿನ ಬಾಗಿಲ ಹತ್ತಿರವೇ ಕೂತಿರುತ್ತಾಳೆ, ಭಾರಿ ಹಟ ಎಂದು ದೂರು ಬರುತ್ತಿತ್ತು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಅಲ್ಲಿ ಮಗು ಬಿಡಲು ಬರುವ ಗಂಡಸು ಅವನೊಬ್ಬನೇ, ಅಮ್ಮಂದಿರೆಲ್ಲ ಅವನ ಕಡೆ ನೋಡುವ ನೋಟದಲ್ಲಿ ಅರ್ಧ ಕನಿಕರ, ಅರ್ಧ ಇವನಿಗೆ ಜಡೆ ಹಾಕಲು ಬರುತ್ತದೋ ಇಲ್ಲವೋ ಎಂಬ ಪರೀಕ್ಷೆ. ಒಂದು ದಿನ ಆಯಾ ಪಿಟೀಲನ್ನೇ ಕೇಳಿದಳಂತೆ, ಯಾಕಮ್ಮ ಇಲ್ಲೇ ಕೂತಿದೀಯ ಅಂತ. ಅಪ್ಪ ಬರ್ತೀನಿ ಅಂದ ಎಂದಿತಂತೆ ಮಗು. ಅಂದು ಸಂಜೆ ಆಯಾ ಅವನನ್ನು ಪಕ್ಕಕ್ಕೆ ಕರೆದಳು. "ಅದು ಹಟ ಅಲ್ಲಪ್ಪ, ವಿಧೇಯತೆ. ನೀವು ಬರ್ತೀನಿ ಅಂತ ಹೇಳಿ ಹೋಗ್ಬಿಡ್ತೀರ. ಅದು ಕಾಯುತ್ತೆ. ನೆಟ್ಟಗೆ ಹೋಗ್ತೀನಿ ಅನ್ನಿ, ಒಂಚೂರು ಅಳುತ್ತೆ, ಆಮೇಲೆ ಆಟಕ್ಕೆ ಹೋಗುತ್ತೆ." ಕೇಳುವುದಕ್ಕೆ ಎಷ್ಟು ಸುಲಭ. ಅವನ ನಾಲಿಗೆಗೆ ಆ ಶಬ್ದ ಹೊರಡಿಸುವ ಅಭ್ಯಾಸವೇ ಇರಲಿಲ್ಲ. ಅವನ ಅಮ್ಮ ಬಿಟ್ಟಿರಲಿಲ್ಲ. ಹೋಗ್ತೀನಿ ಅನ್ನುವುದು ಒಂದೇ ಸಲ, ಅದನ್ನ ಹೇಳೋದಕ್ಕೆ ಆಗ ಬಾಯೇ ಇರಲ್ಲ ಎನ್ನುತ್ತಿದ್ದಳು ಅಮ್ಮ. ಒಮ್ಮೆ ಅಪ್ಪ ಜಗಳವಾಡಿ, ಚಪ್ಪಲಿ ಮೆಟ್ಟಿ, ನಾನು ಹೋಗ್ತೀನಿ ಅಂತ ಗುಡುಗಿ ಹೊರಟಾಗ ಅಮ್ಮ ಓಡಿ ಹೋಗಿ ಅಂಗಿಯ ಹಿಂಭಾಗ ಹಿಡಿದು ಒಳಕ್ಕೆ ಎಳೆದುಕೊಂಡು ಬಂದಳು. ಅಪ್ಪ ಹೋಗದಿರಲಿ ಅಂತಲ್ಲ. ಬರ್ತೀನಿ ಅಂತ ಹೇಳಿ ಹೋಗಿ ಅಂದಳು. ಅಪ್ಪ ಹಲ್ಲು ಕಡಿಯುತ್ತ ಬರ್ತೀನಿ ಅಂದರು, ಅಮ್ಮ ಅಂಗಿ ಬಿಟ್ಟಳು, ಅಪ್ಪ ಬಾಗಿಲು ಧಡಾರನೆ ಹಾಕಿಕೊಂಡು ಹೋದರು. ಸಂಜೆ ಕತ್ತಲಾಗುವ ಮೊದಲು ಬಂದರು. ಹೇಳಿದ್ದರಲ್ಲ, ಬರಲೇಬೇಕಾಯಿತು.

ಮಕ್ಕಳ ಕೋಣೆಯ ಬಾಗಿಲಲ್ಲಿ ಆಯಾ ಕೆಲಸ ಆಯ್ತಂತಲ್ಲ ಅಂದಳು. ಹೆಂಡತಿಯ ಫೋನು ಇಲ್ಲಿಗೂ ಬಂದಿತ್ತು. ಬನ್ನಿ ಅಂದ್ರು ಎಂದ ಅವನು. ಅದೊಂದು ಮಾತು ಅವನಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಹೇಳಿದಾಗ ತುಸು ಹೆಮ್ಮೆಯೂ ಆಯಿತು. ಹಾಗಾದ್ರೆ ನಿಮ್ಮ ಪಿಟೀಲು ನಮ್ಮಲ್ಲೇ ಇರುತ್ತೆ ಎಂದು ಆಯಾ ಕೊಕ್ಕೆಗೆ ಅವಳ ಚೀಲ ತಗುಲಿಹಾಕಿದಳು. ಆ ಕೊಕ್ಕೆ, ಅದರ ಮೇಲೆ ಅಂಟಿಸಿದ ಬಾತುಕೋಳಿಯ ಚಿತ್ರ, ಅದರ ಕೆಳಗೆ ತೂಗುವ ಹಳದಿ ಚೀಲ, ಮೂರನ್ನೂ ಅವನು ಒಂದೊಂದಾಗಿ ನೋಡಿದ. ಅವನು ಮಂಡಿಯೂರಿ ಕೂತು ಮಗಳ ಮುಖ ನೋಡಿದ. ಹೋ ಅಂದ. ಮುಂದಿನ ಅಕ್ಷರ ಬರಲಿಲ್ಲ. ಇನ್ನೊಮ್ಮೆ ಹೋ ಅಂದ. ಪಿಟೀಲು ಅಪ್ಪ ಕುದುರೆ ಆಟ ಶುರುಮಾಡಿದ ಎಂದುಕೊಂಡು ತಾನೂ ಹೋ ಹೋ ಎನ್ನುತ್ತ ಅವನ ಬೆನ್ನ ಮೇಲೆ ಹತ್ತಿದಳು. ಆಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಇಬ್ಬರು ಅಮ್ಮಂದಿರು ನಿಂತು ನೋಡಿದರು. ಕೊನೆಗೆ ಪಿಟೀಲು ಬೆನ್ನಿಂದಿಳಿದು ಮೂಲೆಯ ಮರದ ತುಂಡುಗಳ ಕಡೆ ಓಡಿದಾಗ ಅವನು ಬರ್ತೀನಿಯನ್ನೂ ಹೇಳಲಿಲ್ಲ, ಹೋಗ್ತೀನಿಯನ್ನೂ ಹೇಳಲಿಲ್ಲ, ಬೇರೆಯವರ ಮನೆಯಿಂದ ಜಾರಿಕೊಳ್ಳುವ ಬೆಕ್ಕಿನ ಹಾಗೆ ಗೋಡೆಗಂಟಿಕೊಂಡು ಜಾರಿಕೊಂಡ. ಬೀದಿ ತಿರುಗುವವರೆಗೂ ಕಿವಿ ಹಿಂದೆಯೇ ಇತ್ತು. ತಂತಿ ಬಿಗಿಯುವ ಸದ್ದು ಬರಲಿಲ್ಲ. ಅದೂ ಒಂದು ಸಂಕಟ. ತಿರುಗಿ ನೋಡಿ ಅಪ್ಪ ಇಲ್ಲ ಎಂದು ಗೊತ್ತಾಗುವ ಆ ಗಳಿಗೆ ಇನ್ನೂ ಬಂದಿಲ್ಲ, ಈಗ ಬರುತ್ತದೆ, ಈಗ ಬಂದಿರುತ್ತದೆ ಎಂದು ಲೆಕ್ಕ ಹಾಕುತ್ತ ಅವನು ಒಂದು ಸೈಕಲ್ಲಿಗೆ ಡಿಕ್ಕಿ ಹೊಡೆದ. ಕಬ್ಬಿಣದ ಶೂವಿಗೆ ಏನೂ ಆಗಲಿಲ್ಲ, ಸೈಕಲ್ಲಿನವನು ಕಣ್ಣು ಕಾಣಲ್ವಾ ಅಂದ. ಕಾಣುತ್ತದೆ ಎಂದು ಅವನು ನಿಜವನ್ನೇ ಹೇಳಿದ.

ಕಂಪನಿಯ ಗೇಟಿನಲ್ಲಿ ಏನು ಎಂದು ಕೇಳಿದ ವಾಚ್‌ಮನ್ನಿಗೂ ಅವನ ಹತ್ತಿರ ಇದ್ದದ್ದು ಅದೇ ಉತ್ತರ. ಬನ್ನಿ ಅಂದಿದ್ರು. ಬಂದಿದೀರಲ್ಲ, ಕೂತ್ಕೊಳ್ಳಿ ಅಂದ ವಾಚ್‌ಮನ್. ಅವನು ಬೆಂಚಿನ ತುದಿಯಲ್ಲಿ ಕೂತ. ಪೂರ್ತಿ ಕೂತರೆ ಕೆಲಸಕ್ಕೆ ಸೇರಿದವನ ಹಾಗೆ, ನಿಂತರೆ ದೇಹಿ ಅಂತ ಬಂದವನ ಹಾಗೆ. ಹಾಗಾಗಿ ಅರ್ಧ ಕೂತ. ಎಂಟಾಯಿತು, ಎಂಟು ದಾಟಿತು. ನೀಲಿ ಅಂಗಿಯವರು ಒಬ್ಬೊಬ್ಬರೇ ಒಳಗೆ ಹೋದರು. ಕೆಲವರು ಅವನ ಶೂ ನೋಡಿದರು, ಯಾರೂ ಮುಖ ನೋಡಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಲಿಫ್ಟಿನ ಬೆಲ್ಲುಗಳನ್ನು ಪರೀಕ್ಷೆ ಮಾಡುತ್ತಿದ್ದರು, ಟ್ರಿಣ್ ಟ್ರಿಣ್ ಎಂದು ಒಂದೇ ಅಳತೆಯಲ್ಲಿ ಬಡಿಯುತ್ತಿತ್ತು. ಇಂಟರ್‌ವ್ಯೂ ಮತ್ತೆ ಕಣ್ಣಮುಂದೆ ಬಂತು. ಬ್ರೇಕಿನ ಬಗ್ಗೆ ಕೇಳಿದ್ದಕ್ಕೆ ಸರಿಯಾಗಿ ಹೇಳಿದ್ದ, ಬಾಗಿಲಿನ ಬಗ್ಗೆ ಕೇಳಿದ್ದಕ್ಕೂ ಹೇಳಿದ್ದ. ಆಮೇಲೆ ಮ್ಯಾನೇಜರ್ರು ಪೆನ್ನಿನ ಮುಚ್ಚಳ ಹಾಕುತ್ತ, ಮಕ್ಕಳಿದಾರಾ ಅಂದರು. ಒಬ್ಬಳು. ಯಾರು ನೋಡ್ಕೋತಾರೆ? ನಾನೇ. ಪೆನ್ನಿನ ಮುಚ್ಚಳ ಅರ್ಧದಲ್ಲಿ ನಿಂತಿತು. ನೀವೇ? ಎಂದು ಅವರು ಅವನನ್ನು ಮೇಲಿಂದ ಕೆಳಗೆ ನೋಡಿದ ರೀತಿ, ಗಂಡಸರ ಬಟ್ಟೆ ಅಂಗಡಿಯಲ್ಲಿ ಲಂಗ ಕೇಳಿದವನನ್ನು ನೋಡುವ ಹಾಗಿತ್ತು. ರಾತ್ರಿ ಹೊತ್ತು ಎಲ್ಲೋ ಲಿಫ್ಟ್ ನಿಂತುಹೋಯ್ತು ಅಂತ ಫೋನ್ ಬಂದ್ರೆ? ರಾತ್ರಿ ಹೆಂಡತಿ ಮನೇಲಿರ್ತಾಳೆ ಸರ್ ಅನ್ನಬೇಕಿತ್ತು. ಅವನು, ರಾತ್ರಿ ಅವಳು ನಿದ್ದೆ ಮಾಡ್ತಾಳೆ ಸರ್ ಅಂದ. ಅವಳು ಅಂದರೆ ಮಗಳು. ಮ್ಯಾನೇಜರ್ರು ಯಾರೆಂದು ತಿಳಿದರೋ ಏನೋ. ಸರಿ, ನೋಡೋಣ ಅಂದರು. ಆ ನೋಡೋಣವನ್ನು ಅವನು ಇಷ್ಟು ಹೊತ್ತೂ ಜೇಬಿನ ತಳದಲ್ಲಿ ಒತ್ತಿ ಇಟ್ಟುಕೊಂಡು ಬಂದಿದ್ದ.

ಟ್ರಿಣ್ ಟ್ರಿಣ್ ನಡುವೆ ಇನ್ನೊಂದು ಬೆಲ್ಲು ಕೇಳುತ್ತಿದೆ ಎಂದು ಅವನಿಗೆ ಅನಿಸಿತು. ಶೆಡ್ಡಿನ ಕಡೆಯಿಂದಲ್ಲ, ಆಫೀಸಿನ ಒಳಗಿಂದ. ಮೊದಲು ಉದ್ದಕ್ಕೆ ಎಳೆಯಿತು, ಆಮೇಲೆ ಮೂರು ಸಲ ಬಿಕ್ಕಿತು, ಸ್ವಲ್ಪ ಸುಮ್ಮನಾಯಿತು, ಯಾರಾದರೂ ಬಂದರಾ ಎಂದು ಆಲಿಸಿದ ಹಾಗೆ. ಯಾರೂ ಬರಲಿಲ್ಲ ಎಂದು ಗೊತ್ತಾಗಿ ಮತ್ತೆ ಉದ್ದಕ್ಕೆ ಎಳೆಯಿತು. ಪರೀಕ್ಷೆ ಮಾಡುವವರು ಹೀಗೆ ಒತ್ತುವುದಿಲ್ಲ. ಇದು ಪಿಟೀಲು. ಅವನು ಎದ್ದು ವಾಚ್‌ಮನ್ನಿಗೆ, ಅಲ್ಲಿ ಯಾರೋ ಅಳ್ತಿದಾರೆ ಅಂದ. ವಾಚ್‌ಮನ್ ಅವನನ್ನು ಅನುಮಾನದಿಂದ ನೋಡಿ, ಇಲ್ಲಿ ದಿನವೆಲ್ಲ ಬೆಲ್ಲು ಹೊಡೀತಾನೇ ಇರುತ್ತೆ, ಲಿಫ್ಟ್ ಕಂಪನಿ ಅಲ್ವಾ ಅಂದ. ಅಷ್ಟರಲ್ಲಿ ಕೈಯೆಲ್ಲ ಗ್ರೀಸು ಮೆತ್ತಿಕೊಂಡಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ಕು ಚಹಾ ಕುಡಿಯುತ್ತ ಅಲ್ಲಿಗೆ ಬಂದ, ಎಲ್ಲರೂ ಅವನನ್ನು ಗ್ರೀಸಣ್ಣ ಅನ್ನುತ್ತಿದ್ದರು. ಗ್ರೀಸಣ್ಣ ಲೋಟ ಹಿಡಿದ ಕೈ ನಿಲ್ಲಿಸಿ ಕಿವಿಗೊಟ್ಟ. ನಮ್ಮ ಆಫೀಸಿಂದೇ ಲಿಫ್ಟು, ಅಂದ. ದೀಪದ ಬುಡದಲ್ಲೇ ಕತ್ತಲೆ. ಅವನ ಶೂ ನೋಡಿ ಹೊಸಬನಾ ಅಂದ. ಇವನು ಬನ್ನಿ ಅಂದ್ರು ಎಂದು ಬಾಯಿ ತೆರೆಯುವಷ್ಟರಲ್ಲಿ, ಬಾ ಎಂದು ಗ್ರೀಸಣ್ಣ ಹೊರಟೇಬಿಟ್ಟಿದ್ದ. ಇಷ್ಟು ಹೊತ್ತಿನಲ್ಲಿ ಅರ್ಥ ಕೇಳಬೇಕಿಲ್ಲದ ಮೊದಲ ಮಾತು ಅದು.

ಲಿಫ್ಟು ಎರಡಕ್ಕೂ ಮೂರಕ್ಕೂ ನಡುವೆ ನಿಂತಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಮೇಲಿನ ಮೋಟಾರು ಕೋಣೆಗೆ ಹೋಗಿ ಕರೆಂಟು ತೆಗೆದು, ಬ್ರೇಕು ಬಿಡಿಸಿ, ಚಕ್ರ ತಿರುಗಿಸಿ, ಲಿಫ್ಟನ್ನು ಕೈಯಿಂದಲೇ ಮಹಡಿಯ ಮಟ್ಟಕ್ಕೆ ತರಬೇಕು. ಇನ್ನೊಬ್ಬ ಬಾಗಿಲ ಹತ್ತಿರ ನಿಂತು ಒಳಗಿರುವವರ ಜೊತೆ ಮಾತಾಡುತ್ತಲೇ ಇರಬೇಕು, ಅವರು ಗಾಬರಿಯಾಗಿ ಬಾಗಿಲು ಎಳೆಯದ ಹಾಗೆ. ಮಾತು ನಿಲ್ಲಿಸಬೇಡ, ಏನಾದ್ರೂ ಮಾತಾಡು ಎಂದು ಹೇಳಿ ಗ್ರೀಸಣ್ಣ ಮೆಟ್ಟಿಲು ಹತ್ತಿದ. ಇವನು ಮೂರನೇ ಮಹಡಿಯ ಮುಚ್ಚಿದ ಬಾಗಿಲಿಗೆ ಮುಖ ಹತ್ತಿರ ತಂದು, ಹೆದರ್ಬೇಡಿ, ನಾವಿದೀವಿ ಅಂದ. ಬೆಲ್ಲು ನಿಂತಿತು. ಒಳಗಿಂದ, ಸ್ವಲ್ಪ ಕೆಳಗಿನಿಂದ, ನಿನ್ನೆಯ ದನಿ ಬಂತು.

"ಯಾರದು?"

"ನಾನು ಸರ್. ನಿನ್ನೆ ಬಂದಿದ್ನಲ್ಲ, ಇಂಟರ್‌ವ್ಯೂಗೆ. ಮಗು ನೋಡ್ಕೊಳ್ಳೋನು."

"ಇವತ್ತು ಯಾಕೆ ಬಂದ್ರಿ?"

ಅಲ್ಲಿಗೆ ಉತ್ತರ ಬಂತು. ಇರುವೆ ಕಚ್ಚಿದ ಹಾಗೆ ಅಂತೂ ಇರಲಿಲ್ಲ. ಬಾತುಕೋಳಿಯ ಕೊಕ್ಕೆಯಿಂದ ಹಳದಿ ಚೀಲ ಕೆಳಗಿಳಿಯುವುದು, ಅತ್ತೆಯ ಫೋನು ಮತ್ತೆ ಎಲ್ಲ ಕಡೆ ಹೋಗುವುದು, ತನ್ನ ಮುಖದ ಎರಡು ಕಡೆಯಿಂದ ಸ್ಪಿರಿಟ್ಟಿನ ವಾಸನೆಯ ಕೈಗಳು ನಿಧಾನಕ್ಕೆ ಹಿಂದೆ ಸರಿಯುವುದು, ಎಲ್ಲ ಆ ಸ್ಟೀಲಿನ ಬಾಗಿಲಿನ ಮೇಲೆ ಮಸುಕಾಗಿ ಕಂಡವು. ಆದರೆ ಮಾತು ನಿಲ್ಲಿಸುವ ಹಾಗಿಲ್ಲ. ಕೆಲಸ ಕೊಡದವರ ಜೊತೆ ಕೆಲಸ ಅಂತಲೇ ಮಾತಾಡಬೇಕಾದ ಸ್ಥಿತಿ.

"ನೀವೇ ಬನ್ನಿ ಅಂದ್ರಲ್ಲ ಸರ್."

"ನೀವು ಬರ್ತೀನಿ ಅಂದ್ರಿ, ನಾನು ಬನ್ನಿ ಅಂದೆ. ಇನ್ನೇನ್ರೀ ಅನ್ಬೇಕಿತ್ತು?"

"ಎಂಟಕ್ಕೆ ಅಂದ್ರಿ."

"ಅದು ಹಲ್ಲಿನ ಡಾಕ್ಟರಿಗೆ. ಇವತ್ತು ರಾತ್ರಿ ಎಂಟಕ್ಕೆ." ಆಮೇಲೆ ದನಿ ಸಣ್ಣದಾಯಿತು. "ಇದರಲ್ಲಿ ಗಾಳಿ ಇದೆ ಅಲ್ವಾ? ಫೋನು ಮೇಜಿನ ಮೇಲೇ ಬಿಟ್ಟು ಬಂದಿದೀನಿ."

ಇಷ್ಟೊಂದು ಲಿಫ್ಟು ಕೂರಿಸಿದ ಮನುಷ್ಯ ಲಿಫ್ಟಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ತನ್ನನ್ನು ಕೇಳುತ್ತಿದ್ದಾನೆ ಎಂದು ಅವನಿಗೆ ನಗು ಬಂತು, ನಗುವಿನ ಜೊತೆಯಲ್ಲೇ ಇನ್ನೇನೋ ಬಂತು. ಜೇಬಿನ ತಳದ ನೋಡೋಣ ಹಗುರಾಯಿತು. ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಅವನು ಮಗಳನ್ನು ಮಲಗಿಸುವ ದನಿಯಲ್ಲಿ ಗಾಳಿ ಇದೆ ಸರ್, ಎಲ್ಲ ಕಡೆಯಿಂದ ಬರುತ್ತೆ, ಮೇಲೆ ಜಾಲರಿ ಇದೆ ನೋಡಿ ಅಂದ. ಹಲ್ಲಿಗೆ ಏನಾಗಿದೆ ಎಂದು ಕೇಳಿದ. ದವಡೆ ಹಲ್ಲು ಎಂದು ಮ್ಯಾನೇಜರ್ರು ಹೇಳಿದರು, ಎಡಗಡೆ, ತಣ್ಣಗಿನದು ಕುಡಿದರೆ ಜೀವ ಹೋಗುತ್ತದಂತೆ. ಡಾಕ್ಟರ ಹೆಸರು ಹೇಳಿದರೇ ಕೈ ನಡುಗುತ್ತದಂತೆ, ಇದನ್ನು ಯಾರಿಗೂ ಹೇಳಿಲ್ಲವಂತೆ. ಇರುವೆ ಕಚ್ಚಿದ ಹಾಗೆ ಅಷ್ಟೇ ಸರ್, ಎಂದ ಅವನು, ಹೆಂಡತಿಯ ಮಾತನ್ನು ಕೇಳದೆ ಎರವಲು ತೆಗೆದುಕೊಂಡು. ಹೌದಾ ಎಂದು ಒಳಗಿನಿಂದ ಪಿಟೀಲು ಕೇಳುವ ಹಾಗೆಯೇ ಪ್ರಶ್ನೆ ಬಂತು.

ಆಗ ಮೇಲಿಂದ ಗ್ರೀಸಣ್ಣನ ಕೂಗು. ಬ್ರೇಕು ಬಿಡಿಸುವ ಸಲಾಕೆ ಕೆಳಗೆ ವ್ಯಾನಿನಲ್ಲೇ ಉಳಿದಿದೆ, ಓಡಿ ಹೋಗಿ ತಾ ಅಂತ. ಅವನು ಮೆಟ್ಟಿಲ ಕಡೆ ತಿರುಗಿದ. ಕಬ್ಬಿಣದ ಶೂವಿನ ಸದ್ದು ಒಳಗೂ ಕೇಳಿಸಿರಬೇಕು. "ಎಲ್ಲಿಗೆ?" ಎಂದಿತು ಬಾಗಿಲು. ಅವನು ನಿಂತ. ಗೋಡೆಗಂಟಿ ಜಾರಿಕೊಳ್ಳಬಹುದಿತ್ತು, ಬೆಳಿಗ್ಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಬರ್ತೀನಿ ಅನ್ನಬಹುದಿತ್ತು, ಅಂದರೆ ಈ ಮನುಷ್ಯ ಬಾಗಿಲಿಗಂಟಿಕೊಂಡು ಕಾಯುತ್ತಾ ಕೂರುತ್ತಾನೆ, ಲಿಫ್ಟು ಅಲುಗಿದ ಕೂಡಲೇ ಬಾಗಿಲು ಎಳೆಯುತ್ತಾನೆ. ಅವನು ಉಸಿರೆಳೆದುಕೊಂಡ. ಹೋ ಅಂದ. ಒಳಗಿನವರು ಕುದುರೆ ಆಟ ಎಂದುಕೊಳ್ಳುವ ಮೊದಲೇ ಮುಂದಿನದು ಬಂದುಬಿಟ್ಟಿತು.

"ಹೋಗ್ತೀನಿ ಸರ್. ಈಗ ಕೆಳಗೆ ಹೋಗ್ತೀನಿ, ವ್ಯಾನಿಂದ ಸಲಾಕೆ ತಗೊಂಡು ಮೇಲೆ ಕೊಡ್ತೀನಿ. ಅಲ್ಲೀತನಕ ಇಲ್ಲಿ ಯಾರೂ ಇರಲ್ಲ. ನೀವು ಬಾಗಿಲ ಹತ್ತಿರ ಕೂರ್ಬೇಡಿ. ಹಿಂದಿನ ಗೋಡೆಗೆ ಒರಗಿಕೊಂಡು ಕೂತು ಏನಾದ್ರೂ ಎಣಿಸ್ತಾ ಇರಿ. ಆಮೇಲೆ ಇದೇ ಬಾಗಿಲಿಗೆ ವಾಪಸ್ ಬರ್ತೀನಿ."

ಮೆಟ್ಟಿಲಿಳಿದು ಓಡುವಾಗ ಅವನಿಗೆ ಖುಷಿಯೇನೂ ಆಗಲಿಲ್ಲ. ಸ್ವಂತ ಮಗಳಿಗೆ ಹೇಳಲಾರದ ಮಾತನ್ನು ತನಗೆ ಕೆಲಸ ಕೊಡದ ಹಲ್ಲುನೋವಿನ ಮನುಷ್ಯನಿಗೆ ಹೇಳಿದೆನಲ್ಲ ಎಂದು ಕಿವಿ ಬಿಸಿಯಾಯಿತು. ಸಲಾಕೆ ಹೊತ್ತು ಮತ್ತೆ ಮೇಲಕ್ಕೆ ಓಡಿದ. ಅತ್ತೆ ಹೇಳಿದ್ದು ನಿಜ, ಮೇಲೆ ಹೋಗುವ ಕೆಲಸ. ಲಿಫ್ಟು ಕೆಟ್ಟಾಗಲೇ ಲಿಫ್ಟಿನವನಿಗೆ ಕೆಲಸ, ಹಾಗಾಗಿ ಅವನ ಜನ್ಮವೆಲ್ಲ ಮೆಟ್ಟಿಲಿನಲ್ಲೇ. ವಾಪಸ್ ಮೂರನೇ ಮಹಡಿಗಿಳಿದು, ಏದುಸಿರಿನಲ್ಲಿ, ಬಂದೆ ಸರ್ ಅಂದ. ಬಂದ್ರಾ ಎಂದಿತು ದನಿ, ದೂರದಿಂದ, ಹಿಂದಿನ ಗೋಡೆಯ ಕಡೆಯಿಂದ. ಚಕ್ರ ತಿರುಗಿತು, ಹಗ್ಗಗಳು ನರಳಿದವು, ಬಾಗಿಲ ಸಂದಿಯಲ್ಲಿ ಬೆಳಕು ಗೆರೆಗೆರೆಯಾಗಿ ಮೇಲೆ ಬಂತು. ಅವನು ಚಾವಿ ಹಾಕಿ ಬಾಗಿಲು ಸರಿಸಿದಾಗ ಮ್ಯಾನೇಜರ್ರು ನೆಲದ ಮೇಲೆ ಕಾಲು ಚಾಚಿ 'ಇನ್ನೂರ ಹನ್ನೊಂದು' ಎನ್ನುತ್ತ ಕೂತಿದ್ದರು. ಎದ್ದು ಪ್ಯಾಂಟಿನ ಧೂಳು ಕೊಡವಿ, ಟೈ ಸರಿಮಾಡಿಕೊಂಡು, ಏನೂ ಆಗದವರ ಹಾಗೆ ಇದರ ಬ್ರೇಕು ನೋಡ್ಬೇಕು ಅಂದರು. ಮೇಲಿಂದ ಇಳಿದು ಬಂದ ಗ್ರೀಸಣ್ಣ, ಈ ಹೊಸಬನೇ ಸಾರ್ ಬೆಲ್ಲು ಕೇಳಿಸಿಕೊಂಡಿದ್ದು ಅಂದ. ಮ್ಯಾನೇಜರ್ರು ಕಾಲರಿನೊಳಗೆ ಬೆರಳು ತೂರಿಸಿ, ಇವರು ಹೊಸಬರಲ್ಲ, ಇವರಿಗೆ ಚಿಕ್ಕ ಮಗು ಇದೆ, ಚಿಕ್ಕ ಮಕ್ಕಳಿರೋರು ಕರೆದಾಗ ಬರಕ್ಕಾಗಲ್ಲ, ಅದಕ್ಕೆ ಬೇಡ ಅಂತಿದ್ವಿ ಎಂದು ಗೋಡೆಗೆ ಹೇಳಿದರು. ಗ್ರೀಸಣ್ಣ ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ.

"ಕರೆದಾಗ ಬರದೋರು ಬೇಕಾದಷ್ಟು ಜನ ಇದಾರೆ ಸಾರ್ ನಮ್ಮಲ್ಲಿ. ಇವನು ಕರೀದೇನೇ ಬಂದಿದಾನೆ."

ಮ್ಯಾನೇಜರ್ರು ಮೆಟ್ಟಿಲಿನಲ್ಲೇ ತಮ್ಮ ಕೋಣೆಗೆ ಹೋದರು. ಹೋಗು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅವನು ಗ್ರೀಸಣ್ಣನ ಹಿಂದೆ ಇದ್ದ. ದೀಪ ಹಿಡಿದ, ಬ್ರೇಕಿನ ಪಟ್ಟಿ ಬಿಚ್ಚಿ ಒರೆಸಿದ, ಗುಂಡಿ ನೋಡಯ್ಯ ಅಂದಾಗ ಒತ್ತುವ ಗುಂಡಿ ನೋಡಿದ, ಆ ಗುಂಡಿ ಅಲ್ಲ ಕಣಯ್ಯ, ಕೆಳಗಿನ ಗುಂಡಿ, ಲಿಫ್ಟಿನ ಹಳ್ಳ ಅಂತ ಬೈಸಿಕೊಂಡು ಹಳ್ಳಕ್ಕೆ ಇಳಿದ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ತಾನು ಈಗ ಕೆಲಸದಲ್ಲಿದ್ದೇನೋ ಇಲ್ಲವೋ ಎಂಬುದು ಲಿಫ್ಟಿನ ಹಾಗೆಯೇ ಎರಡಕ್ಕೂ ಮೂರಕ್ಕೂ ನಡುವೆ ನಿಂತಿತ್ತು. ಸಂಜೆ ಕೈ ತೊಳೆದುಕೊಂಡು ಅವನು ಮ್ಯಾನೇಜರ್ರ ಕೋಣೆಯ ಬಾಗಿಲಿಗೆ ಹೋದ. ಈ ಸಲ ಮೋಸ ಹೋಗಬಾರದು, ಮೋಸ ಮಾಡಲೂ ಬಾರದು. ಬರ್ತೀನಿ ಅಂದರೆ ಅವರು ಬನ್ನಿ ಅಂದೇ ಅನ್ನುತ್ತಾರೆ, ಮತ್ತೆ ಒಂದು ರಾತ್ರಿ ಆ ಬನ್ನಿಯನ್ನು ಹೊದ್ದುಕೊಂಡು ಮಲಗಬೇಕು. ಅವನು ಹಲ್ಲನ್ನೂ ಕಾಣಿಸಲಿಲ್ಲ.

"ಹೋಗ್ತೀನಿ ಸರ್."

ಮ್ಯಾನೇಜರ್ರು ತಲೆ ಎತ್ತಿದರು. ಎಡಗೆನ್ನೆ ತುಸು ಊದಿತ್ತು. ಅವರ ಮುಖದಲ್ಲಿ ಅಂಗಿ ಹಿಡಿದು ಎಳೆಯಲು ಬಂದ ಅವನ ಅಮ್ಮ ಒಂದು ಗಳಿಗೆ ಹಾದುಹೋದಳು. "ಥೂ, ಹೊತ್ತಲ್ಲದ ಹೊತ್ತಲ್ಲಿ ಏನ್ರೀ ಅದು ಮಾತು. ಹೋಗ್ತೀನಿ ಅಂತಾರಾ ಯಾರಾದ್ರೂ. ಬರ್ತೀನಿ ಅನ್ನಿ."

"ಬರ್ತೀನಿ ಸರ್."

"ಹಾಂ, ಬನ್ನಿ." ಅವರು ಮತ್ತೆ ಕಾಗದದ ಕಡೆ ಬಗ್ಗಿದರು. ಅವನು ಏಡಿಯ ಹಾಗೆ ಅಡ್ಡಡ್ಡ ನಡೆದು ಹೊಸ್ತಿಲು ದಾಟುವಾಗ ಇನ್ನೊಂದು ಮಾತು ಬಂತು. "ಎಂಟಕ್ಕೆ."

ಅವನು ನಿಂತು ನೋಡಿದ. ಫೋನು ಮೇಜಿನ ಆ ತುದಿಯಲ್ಲಿ ಬೋರಲಾಗಿ ಬಿದ್ದಿತ್ತು. ಮ್ಯಾನೇಜರ್ರ ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೆನ್ನೆಯ ಮೇಲೆ. ಡಾಕ್ಟರಾ ಸರ್ ಎಂದು ಕೇಳಿಯೇಬಿಟ್ಟ, ತಡೆಯಲಾಗಲಿಲ್ಲ. "ಬೆಳಿಗ್ಗೆ ಎಂಟಕ್ಕೆ," ಎಂದರು ಅವರು ತಲೆ ಎತ್ತದೆ.

ಸೆಂಟರಿಗೆ ಅವನು ಓಡಿಯೇ ಹೋದ. ಪಿಟೀಲು ಬಾಗಿಲ ಹತ್ತಿರ ಇರಲಿಲ್ಲ. ಒಳಗೆಲ್ಲ ಕಣ್ಣಾಡಿಸಿದ ಮೇಲೆ ಕಂಡಳು, ಮೂಲೆಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು, ಇನ್ನೊಂದು ಮಗು ಅದರ ಪಕ್ಕದಲ್ಲಿ ಒಂದು ಡಬ್ಬಿಯನ್ನು ಮೇಲೆ ಕೆಳಗೆ ಓಡಿಸುತ್ತಿತ್ತು. ಬೆಳಿಗ್ಗೆ ಅತ್ತಳಾ ಎಂದು ಆಯಾಳನ್ನು ಕೇಳಿದ. ಹುಡುಕಿದಳು, ಎಂದಳು ಆಯಾ. ಅದು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು, ಅಲ್ಲಿಗೆ ಕಬ್ಬಿಣದ ತಗಡು ಇರಲಿಲ್ಲ. ಅವನು ಒಳಗೆ ಹೋಗಿ ಮಗಳ ಎದುರು ಮಂಡಿಯೂರಿ ಕೂತ. ನಾಳೆ ಹೋಗ್ತೀನಿ ಅಂತ ಹೇಳಿ ಹೋಗ್ತೀನಿ ಪುಟ್ಟಾ, ಆಮೇಲೆ ಬರ್ತೀನಿ, ಅಂದ. ಪಿಟೀಲು ಅವನ ಮೂಗಿಗೆ ಮೆತ್ತಿದ್ದ ಗ್ರೀಸನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆ ಬೆರಳನ್ನು ಅವನ ಅಂಗಿಗೇ ಒರೆಸಿದಳು. ಆಮೇಲೆ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಬಾಗಿಲ ಹತ್ತಿರ ಕೂರಿಸಿದಳು, ತಾನು ಆ ದಿನಗಳಲ್ಲೆಲ್ಲ ಕೂತಿರುತ್ತಿದ್ದ ಜಾಗದಲ್ಲಿ, ಗೋಡೆಯ ಬಣ್ಣ ಅವಳ ತಲೆಯ ಎತ್ತರಕ್ಕೆ ಸವೆದಿದ್ದಲ್ಲಿ. "ಬರ್ತೀನಿ," ಎಂದಳು. ಎಂದು ಮರದ ತುಂಡುಗಳ ಕಡೆ ಓಡಿಹೋದಳು.

ಕರೀಲಾ ಎಂದು ಕೇಳಿದಳು ಆಯಾ, ಹಳದಿ ಚೀಲ ಕೈಗೆ ತೆಗೆದುಕೊಳ್ಳುತ್ತ. ಬೇಡ ಎಂದು ಅವನು ತಲೆಯಾಡಿಸಿದ. ಚೀಲವನ್ನು ಬಾತುಕೋಳಿಯ ಕೊಕ್ಕೆಗೇ ವಾಪಸ್ ಹಾಕಲು ಹೇಳಿದ. ಕಬ್ಬಿಣದ ಶೂಗಳನ್ನು ಮುಂದಕ್ಕೆ ಚಾಚಿಕೊಂಡು, ಗೋಡೆಗೆ ಒರಗಿ, ಪೂರ್ತಿ ಕೂತ. ಬರ್ತೀನಿ ಅಂದಿದ್ದಾಳಲ್ಲ.